ಅನುದಾನ ಬೇಡ, ಕರಾರು ಬೇಕು: ಕ್ರೀಡಾ ಸಚಿವರಿಗೆ ಫುಟ್‌ಬಾಲ್ ಅಭಿಮಾನಿಯೊಬ್ಬನ ಬಹಿರಂಗ ಪತ್ರ

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮಾನ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ತಮ್ಮ ಇಲಾಖೆಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅನುದಾನ ಕೇಳುವ ಪತ್ರಗಳೇ ಇರಬೇಕು. ಇದು ಅಂಥದ್ದಲ್ಲ. ಬೆಂಗಳೂರಿನ ಫುಟ್‌ಬಾಲನ್ನು ಗ್ಯಾಲರಿಯಲ್ಲಿ ಕುಳಿತು, ಹೆಚ್ಚಿನ ಹೊತ್ತು ನಿಂತೇ, ನೋಡುತ್ತ ಬಂದಿರುವ ಒಬ್ಬ ಅಭಿಮಾನಿಯಾಗಿ ನಾನು ಹಣವನ್ನು ಕೇಳುತ್ತಿಲ್ಲ. ಸರ್ಕಾರದ ಕೈಯಲ್ಲಿ ಈಗಾಗಲೇ ಇರುವ ಕ್ರೀಡಾಂಗಣಗಳನ್ನೂ ಮೈದಾನಗಳನ್ನೂ ಯಾರಿಗೆ, ಎಷ್ಟು ಕಾಲಕ್ಕೆ, ಯಾವ ಷರತ್ತಿನ ಮೇಲೆ ಕೊಡಲಾಗುತ್ತದೆ ಎಂಬುದು ಎಲ್ಲರೂ ಓದಬಹುದಾದ ಲಿಖಿತ ಕರಾರಾಗಿ ಹೊರಬರಲಿ ಎಂಬುದಷ್ಟೇ ನನ್ನ ಬೇಡಿಕೆ. ಕ್ಲಬ್ಬಿನ ಭವಿಷ್ಯ, ಮಕ್ಕಳ ತರಬೇತಿ, ಅಭಿಮಾನಿಗಳ ಸಂಸ್ಕೃತಿ ಎಂದು ನಾವು ಬೇರೆ ಬೇರೆಯಾಗಿ ಚರ್ಚಿಸುವ ಸಂಗತಿಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಜಾಗದ ಪ್ರಶ್ನೆಯಲ್ಲಿ. ಆ ಜಾಗದ ಯಜಮಾನರು ತಾವು.

ಕಂಠೀರವ ಕ್ರೀಡಾಂಗಣದಿಂದಲೇ ಆರಂಭಿಸುತ್ತೇನೆ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಆ ಋತುವಿನಲ್ಲೇ ದೇಶದ ಅಂದಿನ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದು, ಮರುವರ್ಷ ಕಂಠೀರವಕ್ಕೆ ಬಂದು ನೆಲೆಸಿತು. 2016ರ ಅಕ್ಟೋಬರ್‌ನಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಇದೇ ಅಂಗಳದಲ್ಲಿ 3-1ರಿಂದ ಸೋಲಿಸಿ, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡ್ಯುರಾಂಡ್ ಕಪ್ ಅದರ ಪಾಲಾದವು. ಇಷ್ಟೆಲ್ಲ ಗೆದ್ದ ಮೇಲೂ ಅದು ಬಾಡಿಗೆ ಮನೆಯಲ್ಲಿರುವ ಸಂಸಾರವೇ: ಗೋಡೆಗೆ ಮೊಳೆ ಹೊಡೆಯಬೇಕಾದರೂ ಮುಂದಿನ ವರ್ಷ ಇಲ್ಲೇ ಇರುತ್ತೇವೆಯೇ ಎಂದು ಯೋಚಿಸಬೇಕಾದ ಸ್ಥಿತಿ.

ಇಲ್ಲಿ ಅಥ್ಲೀಟ್‌ಗಳ ಪಕ್ಷವನ್ನು ಮರೆಮಾಚಿ ಮಾತನಾಡುವುದು ನ್ಯಾಯವಲ್ಲ. ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಅಂಗಳ. ಅದರ ಸುತ್ತ ಇರುವುದು ಓಟದ ಟ್ರ್ಯಾಕ್. ಫುಟ್‌ಬಾಲ್ ಋತು ಬಂತೆಂದರೆ ಅಭ್ಯಾಸದ ಸಮಯ ಕುಗ್ಗುತ್ತದೆ, ಜಾವೆಲಿನ್ ಮತ್ತು ಹ್ಯಾಮರ್ ಎಸೆಯುವವರಿಗೆ ಹುಲ್ಲುಹಾಸಿನ ಮೇಲೆ ಜಾಗ ಸಿಗುವುದಿಲ್ಲ ಎಂಬ ದೂರನ್ನು ಹಿಡಿದು ಅಥ್ಲೆಟಿಕ್ಸ್ ತರಬೇತುದಾರರು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದರು. ಅವರ ದೂರಿನಲ್ಲಿ ಹುರುಳಿತ್ತು. ಬೆಳಗಿನ ಜಾವ ಮಗಳನ್ನು ಓಟದ ಅಭ್ಯಾಸಕ್ಕೆ ಕರೆತಂದ ತಾಯಿ ಮುಚ್ಚಿದ ಗೇಟಿನ ಮುಂದೆ ನಿಲ್ಲುವಂತಾದರೆ, ನಮ್ಮ ತಂಡ ಅಂದು ರಾತ್ರಿ ಎಷ್ಟು ಗೋಲು ಹೊಡೆದರೂ ಆ ತಾಯಿಗೆ ಅದರಿಂದ ಆಗುವ ಲಾಭವೇನು? ಟ್ರ್ಯಾಕ್ ಇರುವುದರಿಂದ ಗ್ಯಾಲರಿಗೂ ಆಟಕ್ಕೂ ನಡುವೆ ದೊಡ್ಡ ಅಂತರ ಉಳಿದು, ದೂರದ ಗೋಲಿನ ಮುಂದೆ ಏನಾಯಿತೆಂದು ಪಕ್ಕದವರನ್ನು ಕೇಳಿ ತಿಳಿಯುವ ನಮಗೂ ಅದು ಹೇಳಿ ಮಾಡಿಸಿದ ಜಾಗವಲ್ಲ. ಎರಡು ಕ್ರೀಡೆಗಳನ್ನು ಒಂದೇ ಅಂಗಳದಲ್ಲಿ ಇಟ್ಟು, ವರ್ಷ ವರ್ಷವೂ ಹೊಸದಾಗಿ ಅನುಮತಿ ಕೇಳುವ ಪರಿಸ್ಥಿತಿ ಉಳಿಸಿಕೊಂಡರೆ ಜಗಳ ತಪ್ಪುವುದಿಲ್ಲ, ಮತ್ತು ಆ ಜಗಳದಲ್ಲಿ ಇಬ್ಬರೂ ಸೋಲುತ್ತಾರೆ.

ಆದ್ದರಿಂದ ಕಂಠೀರವದ ಬಳಕೆಗೆ ಕನಿಷ್ಠ ಐದು ವರ್ಷಗಳ ಕರಾರು ಆಗಲಿ, ಅದರಲ್ಲಿ ಅಥ್ಲೆಟಿಕ್ಸ್ ಅಭ್ಯಾಸದ ಗಂಟೆಗಳು ಮೊದಲು ನಮೂದಾಗಲಿ, ಅದಾದ ಮೇಲೆ ಫುಟ್‌ಬಾಲ್ ಪಂದ್ಯಗಳ ದಿನಗಳು ಬರಲಿ ಎಂದು ಕೋರುತ್ತೇನೆ. ಸರ್ಕಾರ ಕ್ಲಬ್ಬಿಗೆ ಇಷ್ಟು ಭದ್ರತೆ ಕೊಡುವಾಗ ಪ್ರತಿಯಾಗಿ ಕೇಳಬೇಕಾದ್ದನ್ನೂ ಕೇಳಲಿ. ಪ್ರತಿ ಪಂದ್ಯಕ್ಕೂ ಸರ್ಕಾರಿ ಮತ್ತು ಪಾಲಿಕೆ ಶಾಲೆಗಳ ಮಕ್ಕಳಿಗೆಂದು ಒಂದು ಗ್ಯಾಲರಿಯ ಪಾಲು ಮೀಸಲಾಗಲಿ. ಕಡಿಮೆ ದರದ ಟಿಕೆಟ್ ಎಷ್ಟಿರಬೇಕೆಂಬ ಮಿತಿ ಕರಾರಿನಲ್ಲೇ ಇರಲಿ. ಅಭಿಮಾನಿಗಳ ಪ್ರತಿನಿಧಿಗಳೊಡನೆ ಕ್ಲಬ್ಬಿನ ಆಡಳಿತ ಋತುವಿನ ಆರಂಭದಲ್ಲೂ ಕೊನೆಯಲ್ಲೂ ಕುಳಿತು ಮಾತನಾಡುವುದು ಕಡ್ಡಾಯವಾಗಲಿ. ಖಾಸಗಿ ಒಡೆತನದ ಕ್ಲಬ್ ತನ್ನ ಆಟಗಾರರನ್ನು, ತರಬೇತುದಾರರನ್ನು ಹೇಗೆ ಆರಿಸಿಕೊಳ್ಳಬೇಕೆಂದು ಹೇಳುವ ಹಕ್ಕು ಅಭಿಮಾನಿಗೂ ಇಲ್ಲ, ಸಚಿವರಿಗೂ ಇಲ್ಲ. ಸಾರ್ವಜನಿಕ ಆಸ್ತಿಯನ್ನು ಬಳಸುವಾಗ ಸಾರ್ವಜನಿಕರಿಗೆ ಏನು ಹಿಂತಿರುಗಿಸಬೇಕೆಂದು ಹೇಳುವ ಹಕ್ಕು ಮಾತ್ರ ತಮಗೆ ಖಂಡಿತ ಇದೆ.

ಕರಾರೆಂದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಾನು ನಂಬಿಲ್ಲ. 2025ರಲ್ಲಿ ದೇಶದ ಫುಟ್‌ಬಾಲ್ ಕುಸಿದು ಕುಳಿತದ್ದೇ ಒಂದು ಕರಾರಿನ ಕೊನೆಯ ದಿನಾಂಕದ ಮುಂದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ತನ್ನ ವಾಣಿಜ್ಯ ಪಾಲುದಾರರೊಂದಿಗೆ 2010ರಲ್ಲಿ ಮಾಡಿಕೊಂಡ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುತ್ತದೆಂದು ಸಹಿ ಬಿದ್ದ ದಿನದಿಂದಲೇ ಎಲ್ಲರಿಗೂ ಗೊತ್ತಿತ್ತು. ಆದರೂ ಮುಂದೇನು ಎಂಬ ಮಾತು ಸಕಾಲದಲ್ಲಿ ಮುಗಿಯಲಿಲ್ಲ. ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಲೀಗ್ ಮತ್ತೆ ಶುರುವಾಗಲು 2026ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಕಿರಿಯರ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ಇದರ ಬಿಸಿ ತಟ್ಟುವುದಿಲ್ಲವೆಂದು ಕ್ಲಬ್ ಅಂದೇ ಹೇಳಿತ್ತೆಂಬುದು ಸಮಾಧಾನದ ಸಂಗತಿ. ಆದರೆ ಮೇಲಿನ ತಂಡದ ಭವಿಷ್ಯವೇ ತೂಗಾಡುತ್ತಿರುವಾಗ ಹದಿನಾರರ ಹುಡುಗನೊಬ್ಬ ಪಿಯುಸಿ ಓದನ್ನು ಬದಿಗಿಟ್ಟು ಚೆಂಡಿನ ಹಿಂದೆ ಹೋಗಲಿ ಎಂದು ಯಾವ ತಂದೆ ಒಪ್ಪುತ್ತಾನೆ? ದೆಹಲಿಯ ಒಕ್ಕೂಟದ ಈ ವಿವಾದವನ್ನು ಬಗೆಹರಿಸುವುದು ತಮ್ಮ ಕೈಯಲ್ಲಿಲ್ಲ. ಅದರಿಂದ ಒಂದು ವಿವೇಕವನ್ನು ತಾವು ಎತ್ತಿಕೊಳ್ಳಬಹುದು: ಕ್ರೀಡಾಂಗಣದ ಯಾವುದೇ ಕರಾರು ಮುಗಿಯುವ ಎರಡು ವರ್ಷ ಮೊದಲೇ ನವೀಕರಣದ ಮಾತುಕತೆ ಆರಂಭವಾಗಬೇಕೆಂದು ಅದರಲ್ಲೇ ಬರೆದಿಡುವುದು.

ಮಕ್ಕಳ ವಿಷಯಕ್ಕೆ ಬರುವಾಗ ಸ್ವಲ್ಪ ಹಿಂದೆ ಹೋಗಬೇಕಾಗುತ್ತದೆ, ಏಕೆಂದರೆ ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. ಕಲ್ಕತ್ತೆಯವರು ಇಂದಿಗೂ ಪಂಚಪಾಂಡವರೆಂದು ಕೊಂಡಾಡುವ ಈಸ್ಟ್ ಬೆಂಗಾಲ್ ತಂಡದ ಐವರು ಮುನ್ಪಡೆ ಆಟಗಾರರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ನಮ್ಮ ಊರಿನಿಂದ ಹೋದವರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಗೌತಮಪುರದವರು. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿರುವ ಕೇರಿ ಅದು. 1977ರಲ್ಲಿ ದೇಶದ ಕ್ಲಬ್ಬುಗಳ ಟೂರ್ನಿಯಾದ ಫೆಡರೇಷನ್ ಕಪ್ ಮೊದಲ ಸಲ ನಡೆದಾಗ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಅದನ್ನು ತಂದದ್ದು ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ತಂಡ.

ಆ ಕಾಲದಲ್ಲಿ ವ್ಯವಸ್ಥೆ ಎಂದು ಯಾರೂ ಹೆಸರಿಡದಿದ್ದರೂ ಒಂದು ವ್ಯವಸ್ಥೆ ಇತ್ತು. ದಂಡು ಪ್ರದೇಶದ ಕೇರಿಗಳಲ್ಲಿ ಬರಿಗಾಲಿನಲ್ಲಿ ಆಡುವುದಕ್ಕೆ ಮೈದಾನವಿತ್ತು. ಚೆನ್ನಾಗಿ ಆಡಿದವನನ್ನು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಕರೆದು ನೌಕರಿ ಕೊಡುತ್ತಿದ್ದವು. ಆಟ ಮುಗಿದ ಮೇಲೂ ಸಂಬಳ, ಪಿಂಚಣಿ ಉಳಿಯುತ್ತಿತ್ತು. ಕಾರ್ಖಾನೆಗಳ ನೇಮಕಾತಿ ಬತ್ತಿದಂತೆ ಆ ದಾರಿ ಮುಚ್ಚಿತು. ಆಸ್ಟಿನ್ ಟೌನ್‌ನ ಕಾರ್ಲ್ಟನ್ ಚಾಪ್‌ಮನ್ ಭಾರತ ತಂಡದ ನಾಯಕರಾಗಿ ಬೆಳೆದರು, ಆದರೆ ಅವರು ಪಳಗಿದ್ದು ದೂರದ ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಾಗ ನಾವೆಲ್ಲ ಹಿಗ್ಗಿದೆವು; ಮೈಸೂರು ರಾಜ್ಯದ ಹೆಸರಿನಲ್ಲಿ ಅದನ್ನು ಕೊನೆಯ ಸಲ ಗೆದ್ದು 54 ವರ್ಷಗಳಾಗಿದ್ದವು ಎಂಬ ಲೆಕ್ಕ ಮಾತ್ರ ಹಿಗ್ಗುವಂಥದ್ದಾಗಿರಲಿಲ್ಲ.

ಈಗ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಬಳ್ಳಾರಿ ಸೀಮೆಯ ವಿಜಯನಗರದಲ್ಲಿದೆ, ಅಲ್ಲಿನ ಕೆಲಸ ಗಟ್ಟಿಯಾಗಿಯೇ ನಡೆದಿದೆ. ಕಿರಿಯರ ಡೆವಲಪ್‌ಮೆಂಟ್ ಲೀಗನ್ನು ಕ್ಲಬ್ಬಿನ ಹುಡುಗರು 2022ರಲ್ಲೂ 2023ರಲ್ಲೂ ಗೆದ್ದರು. ಹದಿಮೂರು ಹದಿನಾಲ್ಕರ ನಂತರ ಪ್ರತಿಭೆಯನ್ನು ತಿದ್ದಲು ಇಂಥ ಕೇಂದ್ರಗಳು ಸಾಕು. ಕೊರತೆ ಇರುವುದು ಅದಕ್ಕೂ ಮೊದಲು, ಏಳರಿಂದ ಹನ್ನೆರಡರ ವಯಸ್ಸಿನಲ್ಲಿ. ಚೆಂಡಿನ ಸಲಿಗೆ ಕಾಲಿಗೆ ಬರುವ ಕಾಲ ಅದೇ, ಮತ್ತು ಆ ವಯಸ್ಸಿನ ಮಗುವಿಗೆ ಬೇಕಾಗಿರುವುದು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬೀಗವಿಲ್ಲದ ಒಂದು ಅಂಗಳ. ಇಂದು ಬೆಂಗಳೂರಿನಲ್ಲಿ ಆಡಬೇಕೆಂದರೆ ಗಂಟೆಗೆ ಸಾವಿರ ರೂಪಾಯಿಗೂ ಮಿಕ್ಕಿ ತೆತ್ತು ಟರ್ಫ್ ಹಿಡಿಯಬೇಕು, ಇಲ್ಲವೇ ತಿಂಗಳ ಶುಲ್ಕ ಕಟ್ಟಿ ಕೋಚಿಂಗ್ ಸೇರಬೇಕು. ನಾನು ವಾಸವಾಗಿರುವ ಬಡಾವಣೆಯ ಪಾಲಿಕೆ ಮೈದಾನಕ್ಕೂ ಬಲೆ ಬಿತ್ತು, ಗೇಟಿಗೆ ಬೀಗ ಬಿತ್ತು. ಸಂಜೆಯ ಹೊತ್ತು ಶುಲ್ಕ ಕಟ್ಟಿದ ಮಕ್ಕಳು ಒಳಗೆ, ಕಟ್ಟಲಾಗದವರು ಬಲೆಗೆ ಮುಖ ಒತ್ತಿಕೊಂಡು ಹೊರಗೆ. ತರಬೇತಿ ನಡೆಸುವವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಹೊಟ್ಟೆಪಾಡಿದೆ. ಆದರೆ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದು 1985ರಲ್ಲೇ ಕಾಯ್ದೆ ಮಾಡಿಕೊಂಡ ರಾಜ್ಯ ನಮ್ಮದು. ಸಾರ್ವಜನಿಕ ಮೈದಾನವನ್ನು ತರಬೇತಿಗೆ ಕೊಡುವ ಪ್ರತಿ ಕರಾರಿನಲ್ಲೂ ದಿನಕ್ಕೆ ಇಷ್ಟು ಗಂಟೆ, ಅದೂ ಶಾಲೆ ಬಿಟ್ಟ ಮೇಲಿನ ಗಂಟೆಗಳು, ಕೇರಿಯ ಮಕ್ಕಳಿಗೆ ಪುಕ್ಕಟೆ ಎಂದು ನಮೂದಾಗಿ, ಅದು ಗೇಟಿನ ಮೇಲೆ ಕನ್ನಡದಲ್ಲಿ ಬರೆದಿರಬೇಕು. ನಗರ ಈಗ ಐದು ಪಾಲಿಕೆಗಳಾಗಿ ಹಂಚಿಹೋಗಿರುವುದರಿಂದ ಒಂದೊಂದು ಪಾಲಿಕೆ ಒಂದೊಂದು ನಿಯಮ ಮಾಡುವ ಮೊದಲೇ ತಮ್ಮ ಇಲಾಖೆ ಈ ಮಾದರಿ ಕರಾರನ್ನು ಸಿದ್ಧಪಡಿಸಿಕೊಟ್ಟರೆ ಒಳ್ಳೆಯದು.

ಮಕ್ಕಳಿಗೆ ಪಂದ್ಯಗಳೂ ಬೇಕು. ನಾಕೌಟ್ ಟೂರ್ನಿಯಲ್ಲಿ ಸೋತ ಶಾಲಾ ತಂಡ ಮೊದಲ ದಿನವೇ ಬಸ್ಸು ಹತ್ತುತ್ತದೆ, ಹುಡುಗರ ಆ ವರ್ಷದ ಆಟ ಅಲ್ಲಿಗೆ ಮುಗಿಯುತ್ತದೆ. ಸೋತರೂ ಮುಂದಿನ ವಾರ ಮತ್ತೆ ಆಡಬಹುದಾದ ಲೀಗ್ ಮಾದರಿ ಜಿಲ್ಲೆಗಳಲ್ಲಿ ಬರಬೇಕು. ಮಂಗಳೂರು, ಬೆಳಗಾವಿ, ಕೆಜಿಎಫ್‌ನಂಥ ಹಳೆಯ ಫುಟ್‌ಬಾಲ್ ನೆಲೆಗಳಿಂದ ಅದನ್ನು ಆರಂಭಿಸಬಹುದು. ವಯಸ್ಸು ಮುಚ್ಚಿಟ್ಟು ಆಡಿಸುವ ಚಾಳಿಯನ್ನು ತಡೆಯದಿದ್ದರೆ ಈ ಲೀಗೂ ಪ್ರಯೋಜನಕ್ಕೆ ಬರುವುದಿಲ್ಲ ಎಂಬುದು ತಮಗೆ ತಿಳಿಯದ್ದೇನಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸಹಕಾರವಿಲ್ಲದೆ ಇದು ಆಗದು. ಅದರ ಅಧ್ಯಕ್ಷ ಎನ್.ಎ. ಹ್ಯಾರಿಸ್ ಅವರು ಶಾಂತಿನಗರದ ಶಾಸಕರೂ ಆಗಿರುವುದರಿಂದ ಮಾತುಕತೆಗೆ ವಿಧಾನಸೌಧದ ಮೊಗಸಾಲೆ ದಾಟಬೇಕಾಗಿಯೂ ಇಲ್ಲ.

ಇನ್ನು ನಮ್ಮ ಮಾತು, ಅಂದರೆ ಗ್ಯಾಲರಿಯವರ ಮಾತು. ಬೆಂಗಳೂರು ಎಫ್‌ಸಿಯ ಮೊದಲ ದಿನಗಳಲ್ಲೇ ರೂಪುಗೊಂಡ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಯಾರ ಸಂಬಳಕ್ಕೂ ಇಲ್ಲದೆ ಬೆಳೆದದ್ದು. ಬ್ಯಾನರ್ ಬರೆಯುವವರು, ಡೋಲು ಬಾರಿಸುವವರು, ಹಾಡು ಕಟ್ಟುವವರು, ಹೊರ ಊರಿನ ಪಂದ್ಯಕ್ಕೆ ರೈಲಿನ ಟಿಕೆಟ್ ಹೊಂದಿಸುವವರು ಎಲ್ಲರೂ ಸ್ವಂತ ಖರ್ಚಿನವರೇ. ಐಟಿ ಕಂಪನಿಯ ನೌಕರ, ಮರ್ಫಿ ಟೌನ್‌ನ ಆಟೊ ಚಾಲಕ, ಕಾಲೇಜು ಹುಡುಗಿಯರು ಒಂದೇ ಸಾಲಿನಲ್ಲಿ ನಿಂತು ತೊಂಬತ್ತು ನಿಮಿಷ ಕೂಗುವ ಜಾಗ ಈ ನಗರದಲ್ಲಿ ಬೇರೆ ಎಷ್ಟಿದೆಯೋ ನನಗೆ ತೋಚುವುದಿಲ್ಲ. 2023ರ ಜುಲೈನಲ್ಲಿ ಭಾರತ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದ ರಾತ್ರಿ ಇದೇ ಕಂಠೀರವ ಕಿಕ್ಕಿರಿದಿತ್ತು. ಗ್ಯಾಲರಿಯಲ್ಲಿ ಕೇಳಬಾರದ ಮಾತೂ ಕೆಲವೊಮ್ಮೆ ಕೇಳುತ್ತದೆ, ನಿಜ. ಎದುರಾಳಿ ಆಟಗಾರನ ಮುಖಚಹರೆಯನ್ನೋ ಊರನ್ನೋ ಹಿಡಿದು ಹಂಗಿಸುವವನನ್ನು ಸುಮ್ಮನಾಗಿಸಲು ಲಾಠಿಗಿಂತ ಪಕ್ಕದಲ್ಲಿ ನಿಂತ ಹಿರಿಯ ಅಭಿಮಾನಿಯ ಗದರಿಕೆ ಬೇಗ ಕೆಲಸ ಮಾಡುತ್ತದೆ.

ಇದನ್ನು ಹೇಳಲು ಕಾರಣವಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದ ಮೇಲೆ, ಆಗಸ್ಟ್‌ನಲ್ಲಿ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯನ್ನು ಸದನದ ಮುಂದಿಟ್ಟಿತು. ಅಂಥ ಕಾನೂನು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ಸತ್ತವರು ದೊಂಬಿಗೆ ಬಂದವರಾಗಿರಲಿಲ್ಲ, ಸಂಭ್ರಮಕ್ಕೆ ಬಂದವರಾಗಿದ್ದರು. ಯಾವ ಗೇಟು ಯಾವಾಗ ತೆರೆಯುತ್ತದೆ, ಯಾರಿಗೆ ಪ್ರವೇಶವಿದೆ ಎಂಬುದನ್ನು ಜನರಿಗೆ ಸ್ಪಷ್ಟವಾಗಿ, ಮುಂಚಿತವಾಗಿ ತಿಳಿಸುವುದು ನಿಯಂತ್ರಣದ ಮೊದಲ ಹೆಜ್ಜೆ ಎಂಬ ಪಾಠವನ್ನು ಬಿಟ್ಟು, ಡೋಲಿಗೂ ಬಾವುಟಕ್ಕೂ ನಿರ್ಬಂಧ ಹೇರುವುದೇ ಸುರಕ್ಷತೆ ಎಂದು ಕೆಳಹಂತದ ಅಧಿಕಾರಿಗಳು ಭಾವಿಸಿಬಿಡುವ ಅಪಾಯವಿದೆ. ಗ್ಯಾಲರಿಯ ಪ್ರತಿ ಮೆಟ್ಟಿಲನ್ನೂ ಬಲ್ಲ ಸಂಘಟಿತ ಬಳಗಗಳನ್ನು ಪಂದ್ಯದ ಮುಂಚಿನ ಭದ್ರತಾ ಸಭೆಗೆ ಕರೆಯುವ ಪದ್ಧತಿಯನ್ನು ನಿಯಮಾವಳಿಯಲ್ಲೇ ಸೇರಿಸಿದರೆ ಪೊಲೀಸರ ಕೆಲಸ ಹಗುರಾಗುತ್ತದೆ. ಒಳಗೆ ಒಯ್ಯಬಹುದಾದ ವಸ್ತುಗಳ ಪಟ್ಟಿ ಋತುವಿನ ಆರಂಭದಲ್ಲೇ ಪ್ರಕಟವಾಗಿ, ಗೇಟಿನಿಂದ ಗೇಟಿಗೆ ಬದಲಾಗದಿದ್ದರೆ ನಮ್ಮದೂ ಹಗುರಾಗುತ್ತದೆ.

ಮುಂದಿನ ಋತುವಿಗೆ ಕಂಠೀರವದ ದಿನಾಂಕಗಳನ್ನು ಹಂಚುವ ಮೊದಲು ತಾವು ಒಂದು ಸಭೆ ಕರೆಯಬೇಕೆಂದು ವಿನಂತಿಸುತ್ತೇನೆ. ಆ ಸಭೆಗೆ ಅಥ್ಲೆಟಿಕ್ಸ್ ತರಬೇತುದಾರರು, ಕ್ಲಬ್ಬಿನ ಆಡಳಿತದವರು, ರಾಜ್ಯ ಫುಟ್‌ಬಾಲ್ ಸಂಸ್ಥೆಯವರು, ಪಾಲಿಕೆಗಳ ಆಯುಕ್ತರು, ಪೊಲೀಸ್ ಅಧಿಕಾರಿಗಳು ಮತ್ತು ಅಭಿಮಾನಿ ಬಳಗಗಳ ಇಬ್ಬರು ಪ್ರತಿನಿಧಿಗಳು ಬರಲಿ. ಕರಾರಿನ ಕರಡು ಪ್ರತಿ ಸಭೆಗೆ ಹದಿನೈದು ದಿನ ಮುಂಚೆ ಎಲ್ಲರ ಕೈ ಸೇರಲಿ. ಸಭೆಯ ನಡಾವಳಿ ಇಲಾಖೆಯ ಜಾಲತಾಣದಲ್ಲಿ ಪ್ರಕಟವಾಗಲಿ. ಕರಡನ್ನು ಕನ್ನಡದಲ್ಲಿ ಓದಿ, ನಮ್ಮ ಸಲಹೆಗಳನ್ನು ಲಿಖಿತವಾಗಿ ಕೊಡಲು ಗ್ಯಾಲರಿಯಲ್ಲಿ ಜನರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ