ಪುಟ್ಟಿಗೆ, ಪೆನ್ಸಿಲ್ ವಿಷಯಕ್ಕೆ

ಪುಟ್ಟಿ,

ಭಾನುವಾರ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಕೇಳಿದ್ದು ಇಷ್ಟೇ ಅಲ್ವಾ: "ಅಪ್ಪಾ, ದಿನಾ ಬರೆಯೋಕೆ, ಚಿತ್ರ ಬಿಡಿಸೋಕೆ ಯಾವ ಪೆನ್ಸಿಲ್ ತಗೊಳ್ಲಿ?" ಸುಮ್ನೆ ಉತ್ತರ ಹೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆ ಉತ್ತರವನ್ನು ಈಗ ಕೊಡೋಣ ಅಂತ ಕೂತಿದ್ದೇನೆ. ಅದೂ ಪೆನ್ಸಿಲ್ಲಿನಲ್ಲೇ. ನಗಬೇಡ.

ಮೊದಲು ಬರವಣಿಗೆಗೆ. ಎಚ್‌ಬಿ ಸಾಕು, ತೀರಾ ಗಟ್ಟಿಯೂ ಅಲ್ಲ, ತೀರಾ ಮೆತ್ತಗೂ ಅಲ್ಲ. ನಿನ್ನದು ಎಡಗೈ. ಅಕ್ಷರ ಎಡದಿಂದ ಬಲಕ್ಕೆ ಹೋಗುತ್ತವೆ, ಹಿಂದೆಯೇ ನಿನ್ನ ಕೈ ಅವನ್ನು ಉಜ್ಜಿಕೊಂಡು ಬರುತ್ತದೆ. ಮೆತ್ತನೆಯ 2ಬಿಯಲ್ಲಿ ನೋಟ್ಸ್ ಬರೆದರೆ ಸಂಜೆ ಹೊತ್ತಿಗೆ ಕಿರುಬೆರಳ ಪಕ್ಕವೆಲ್ಲ ಬೂದು ಬಣ್ಣ. ಎಚ್‌ಬಿಯೂ ಜಾಸ್ತಿ ಹರಡುತ್ತೆ ಅನ್ನಿಸಿದರೆ ಎಫ್ ಅಂತ ಒಂದು ಸಿಗುತ್ತದೆ, ಎಚ್‌ಬಿಗೂ ಎಚ್‌ಗೂ ನಡುವಿನದು. ಅದನ್ನು ನೋಡು. ಗಟ್ಟಿ 2ಎಚ್ ಮಾತ್ರ ಬೇಡ. ನಾನೇ ಹೇಳುತ್ತಿದ್ದೇನೆ, 2ಎಚ್ ಬೇಡ.

ಇಷ್ಟು ಹೇಳಿ ಚಿತ್ರದ ಪೆನ್ಸಿಲ್ಲಿಗೆ ಹೋಗಬೇಕು. ಆದರೆ ಕೈ ಇಲ್ಲೇ ನಿಂತುಬಿಟ್ಟಿದೆ.

ನಿನಗೆ ಆಗ ಏಳು ವರ್ಷ. ನಾನು ದಿನವಿಡೀ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು 2ಎಚ್, 4ಎಚ್‌ನಲ್ಲಿ ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದೆ. ನನ್ನ ಕೆಲಸದಲ್ಲಿ ಗೆರೆ ಹರಡಿದರೆ ಮರ್ಯಾದೆ ಹೋದಂತೆ. ನಿನ್ನ ಪುಸ್ತಕದ ತುಂಬಾ ಮಸಿ ನೋಡಿ ನನಗೆ ಸಹಿಸಲಾಗಲಿಲ್ಲ. ನನ್ನ ಡಬ್ಬಿಯಿಂದಲೇ ಒಂದು 2ಎಚ್ ತೆಗೆದು ಕೊಟ್ಟೆ.

ಪೆನ್ಸಿಲ್ ಬಗ್ಗೆ ಗೊತ್ತಿಲ್ಲದೆ ಮಾಡಿದ್ದಲ್ಲ. ಸೀಸದಕಡ್ಡಿ ಅಂತ ಹೆಸರು, ಒಳಗೆ ಸೀಸವೇ ಇಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ ಸುಟ್ಟಿರುತ್ತಾರೆ. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬಾತ ಇದಕ್ಕೆ ಪೇಟೆಂಟ್ ಪಡೆದ. ಯುದ್ಧದಿಂದಾಗಿ ಅವರಿಗೆ ಇಂಗ್ಲೆಂಡಿನ ಒಳ್ಳೆಯ ಗ್ರಾಫೈಟ್ ಬರುವುದು ನಿಂತಿತ್ತು, ಇದ್ದುದರಲ್ಲೇ ಸುಧಾರಿಸಬೇಕಿತ್ತು. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಗೆರೆ ತೆಳು. ಅದು ಎಚ್, ಹಾರ್ಡ್. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಕಪ್ಪಗೆ. ಅದು ಬಿ, ಬ್ಲ್ಯಾಕ್. ಇದೆಲ್ಲ ನನಗೆ ಬಾಯಿಪಾಠ. ಏಳು ವರ್ಷದ ಕೈಗೆ ಯಾವುದು ಹೊಂದುತ್ತೆ ಅನ್ನುವುದು ಮಾತ್ರ ಹೊಳೆಯಲಿಲ್ಲ.

2ಎಚ್‌ನಲ್ಲಿ ನೀನು ಬರೆದದ್ದು ಟೀಚರಿಗೆ ಕಾಣಿಸುತ್ತಿರಲಿಲ್ಲ. "ಒತ್ತಿ ಬರಿ" ಅಂದೆ ನಾನು. ನೀನು ಒತ್ತಿದೆ. ನಡುಬೆರಳಲ್ಲಿ ಜಡ್ಡು ಕಟ್ಟುವಷ್ಟು ಒತ್ತಿದೆ. ಅದು ಈಗಲೂ ಇದೆ, ಹೊರಡುವ ದಿನ ನೀನು ಕೈ ಬೀಸುವಾಗಲೂ ನನ್ನ ಕಣ್ಣು ಅಲ್ಲಿಗೇ ಹೋಯಿತು.

ಆಮೇಲೆ ಆ ಲೆಕ್ಕದ ಪುಸ್ತಕ. ಕೊನೆಯ ಹಾಳೆಯಲ್ಲಿ ನೀನು ಏನೋ ಬಿಡಿಸಿದ್ದೆ. ಲೆಕ್ಕದ ಪುಸ್ತಕದಲ್ಲಿ ಚಿತ್ರ ಏನು ಅಂತ ನಾನು ರಬ್ಬರ್ ತಗೊಂಡು ಇಡೀ ಹಾಳೆ ಅಳಿಸಿದೆ. ನೀನು ಪಕ್ಕದಲ್ಲಿ ನಿಂತು ರಬ್ಬರಿನ ಪುಡಿಯನ್ನು ಊದುತ್ತಿದ್ದೆ. ನನಗೆ ಸಹಾಯ ಮಾಡ್ತಿದ್ದಾಳೆ ಅಂದುಕೊಂಡೆ ನೋಡು. ನೀನು ಅಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ನನಗೆ ಚಿತ್ರ ತೋರಿಸುವುದನ್ನು ಮಾತ್ರ ಬಿಟ್ಟೆ, ಅದನ್ನೂ ನಾನು ಗಮನಿಸಲಿಲ್ಲ. ಭಾನುವಾರ "ನೀನು ಆಗ್ಲೂ ಅಳಿಸಿದ್ದೆ" ಅಂದೆಯಲ್ಲ, ಫೋನ್ ಇಟ್ಟ ಮೇಲೂ ತುಂಬಾ ಹೊತ್ತು ಯಾವುದನ್ನು ಹೇಳಿದೆ ಅಂತಲೇ ನನಗೆ ಗೊತ್ತಾಗಲಿಲ್ಲ. ಅದಕ್ಕೇ ಜಾಸ್ತಿ ನಾಚಿಕೆ.

ಸೋಮವಾರ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಪುಸ್ತಕ ಸಿಕ್ಕಿತು. ಕೊನೆಯ ಹಾಳೆ ಬರೀ ಬಿಳಿ. ಬೆರಳಾಡಿಸಿದರೆ ಮಾತ್ರ ಗೆರೆಗಳು ತಗಲುತ್ತಿದ್ದವು. ಗಟ್ಟಿ ಪೆನ್ಸಿಲ್ ಒತ್ತಿ ಬರೆದರೆ ಕಾಗದ ತಗ್ಗಾಗುತ್ತದೆ. ರಬ್ಬರ್ ಗ್ರಾಫೈಟನ್ನು ಎತ್ತುತ್ತದೆ, ತಗ್ಗನ್ನು ಏನೂ ಮಾಡಲಾರದು. ನೀನು ಬಿಟ್ಟುಹೋದ 6ಬಿ ತುಂಡು ಮೇಜಿನ ಮೇಲಿತ್ತು. ಅದನ್ನು ಅಡ್ಡ ಮಲಗಿಸಿ, ಒತ್ತದೆ, ಹಾಳೆಯ ಮೇಲೆ ಸವರಿದೆ. ಉಬ್ಬಿದ ಕಡೆಯೆಲ್ಲ ಕಪ್ಪಾಯಿತು, ತಗ್ಗಿನ ಗೆರೆಗಳು ಬಿಳಿಯಾಗಿ ಉಳಿದವು. ಉದ್ದನೆಯ ಬಾಗಿದ ಕತ್ತು. ಅದರ ತುದಿಗೆ ಟೋಪಿಯಂಥದ್ದು ಒಂದು. ಕೆಳಗೆ ಕಾಲುಗಳು, ಮೂರೋ ನಾಲ್ಕೋ. ಹಿಂದಿನ ಹಾಳೆಯ ಏಳರ ಮಗ್ಗಿಯೂ ಒತ್ತಿಕೊಂಡು ಇದರ ಮೇಲೇ ಬಂದಿದೆ, ಹಾಗಾಗಿ ಸರಿಯಾಗಿ ಕಾಣುವುದಿಲ್ಲ. ಒಂಟೆಯೋ, ನನ್ನ ಬೋರ್ಡಿನ ದೀಪವೋ. ರಾತ್ರಿ ಎರಡು ಸಲ ಎದ್ದು ನೋಡಿದೆ.

ಇರಲಿ. ಚಿತ್ರಕ್ಕೆ ಬರೋಣ.

ಹನ್ನೆರಡರ, ಇಪ್ಪತ್ನಾಲ್ಕರ ಡಬ್ಬಿ ತಗೋಬೇಡ. ಅರ್ಧದಷ್ಟು ಮೊನೆಯೂ ಮುಟ್ಟದೆ ಬಿದ್ದಿರುತ್ತವೆ. ಬಿಡಿಯಾಗಿ ಎಚ್‌ಬಿ, 2ಬಿ, 6ಬಿ ತಗೋ, ಅಷ್ಟರಲ್ಲಿ ಒಂದು ತಿಂಗಳು ನೂಕು. ಆಮೇಲೆ ಬೇಕೆನಿಸಿದರೆ 4ಬಿ. ಮೂರೂ ಒಂದೇ ಕಂಪನಿಯದ್ದಾಗಿರಲಿ. ಎಲ್ಲರೂ ಒಂದೇ ಅಳತೆ ಇಟ್ಟುಕೊಂಡಿಲ್ಲ, ಒಬ್ಬರ ಎಚ್‌ಬಿ ಇನ್ನೊಬ್ಬರ ಬಿಯಷ್ಟು ಕಪ್ಪಿರಬಹುದು. ಕೊಳ್ಳುವಾಗ ತುದಿ ನೋಡು. ಕಡ್ಡಿ ಮರದ ನಟ್ಟನಡುವೆ ಇರಬೇಕು. ಒಂದು ಕಡೆ ವಾಲಿದ್ದರೆ ಚೂಪು ಮಾಡುವಾಗ ಒಂದು ಪಕ್ಕ ಮರವೇ ಉಳಿಯುತ್ತದೆ. ಕೆಳಗೆ ಬೀಳಿಸಬೇಡ, ಒಳಗೆ ಕಡ್ಡಿ ತುಂಡಾಗಿರುತ್ತದೆ, ಆಮೇಲೆ ಮೆಂಡರಿನಲ್ಲಿ ತಿರುಗಿಸಿದಷ್ಟೂ ಮೊನೆ ಕಳಚಿ ಬೀಳುತ್ತದೆ. ಮೆಂಡರಿನ ಬ್ಲೇಡು ಮೊಂಡಾದರೂ ಇದೇ ಕತೆ. 6ಬಿಗೆ ಚಾಕುವೇ ವಾಸಿ, ಅಡ್ಡ ಹಿಡಿದು ಶೇಡ್ ಮಾಡುವಷ್ಟು ಉದ್ದ ಕಡ್ಡಿ ಸಿಗುತ್ತದೆ. ಚಾಕು ಹಿಡಿಯುವಾಗ ಹೆಬ್ಬೆರಳು ಎಲ್ಲಿದೆ ನೋಡಿಕೋ.

ತೀರಾ ಕಪ್ಪು ಬೇಕೆಂದು 8ಬಿಯನ್ನು ಪದರದ ಮೇಲೆ ಪದರ ಉಜ್ಜಬೇಡ. ಗ್ರಾಫೈಟ್ ಹೊಳೆಯುತ್ತದೆ, ಬೆಳಕು ಬಿದ್ದರೆ ಕಪ್ಪು ಬೂದಾಗಿ ಕಾಣುತ್ತದೆ. ಅಲ್ಲಿಗೆ ಇದ್ದಿಲೇ ಬೇಕು. ನೋಟ್ಸ್‌ಗೆ ಕ್ಲಿಕ್ ಪೆನ್ಸಿಲ್ ತಗೊಂಡರೆ 0.5 ಬೇಡ, ನೀನು ಒತ್ತುವ ಒತ್ತಿಗೆ ಪಟಪಟ ಮುರಿಯುತ್ತೆ, 0.7 ತಗೋ. ಒತ್ತುವುದನ್ನೇ ಬಿಡು ಅನ್ನಬೇಕು. ಯಾವ ಬಾಯಲ್ಲಿ ಅನ್ನಲಿ?

ನೋಡು, ಭಾಷಣ ಮಾಡಲ್ಲ ಅಂತಲೇ ಕೂತಿದ್ದು.

ನೀನು ಕಳಿಸಿದ ಅಮ್ಮನ ಕೈಯ ಚಿತ್ರ ಬೋರ್ಡಿನ ಮೇಲೆ ಸಿಕ್ಕಿಸಿದ್ದೇನೆ. ಗೆಣ್ಣಿನ ಹತ್ತಿರ ಎಲ್ಲಿಯೂ ಗೆರೆಯೇ ಇಲ್ಲ, ಬರೀ ನೆರಳು. ಗೆರೆ ಎಳೆಯದೆ ಬೆರಳು ತೋರಿಸುವುದು ನನಗೆ ಮೂವತ್ತು ವರ್ಷದಲ್ಲಿ ಬರಲಿಲ್ಲ. ಅಮ್ಮನಿಗೆ "ಹರಡಿದೆ" ಅಂತ ಹೇಳಿದೆ, ಅವಳು ನಕ್ಕಳು. ಹರಡಿದ್ದೇ ಚೆನ್ನಾಗಿದೆ ಅಂತ ಅವಳಿಗೂ ಗೊತ್ತು.

ಚಿತ್ರ ಬಿಡಿಸಿಕೊಂಡು ನಿನ್ನ ಬದುಕು ಹೇಗೆ ನಡೆಯುತ್ತೆ ಅನ್ನುವ ಚಿಂತೆ ಹೋಗಿಲ್ಲ. ಹೋಗಿದೆ ಅಂತ ಸುಳ್ಳು ಬರೆಯುವುದಿಲ್ಲ. ಅದನ್ನು ಭಾನುವಾರ ಹೇಳಿದ ರೀತಿ ತಪ್ಪು, ಹೇಳಿದ ಹೊತ್ತೂ ತಪ್ಪು. ನೀನು ಕೇಳಿದ್ದು ಪೆನ್ಸಿಲ್.

ಆ ಹಾಳೆಯನ್ನು ಇದರ ಜೊತೆ ಕಳಿಸೋಣ ಅಂದುಕೊಂಡೆ. ಮಡಚಿದರೆ 6ಬಿ ಹರಡಿಬಿಡುತ್ತದೆ. ಪುಸ್ತಕ ಇಲ್ಲೇ ಇರಲಿ, ಬಂದಾಗ ನೋಡು. ಅಷ್ಟರೊಳಗೆ ಒಂದು ಸಾಲು ಬರಿ, ಒಂಟೆಯೋ ದೀಪವೋ.

ನಿನ್ನ ಅಪ್ಪ

ತಾ.ಕ.: ಅಕ್ಷರ ಕಾಣದಿದ್ದರೆ ಬೆಳಕಿನ ಹತ್ತಿರ ಹಿಡಿದು ಓದು. ಬರೆದದ್ದು 2ಎಚ್‌ನಲ್ಲಿ. ಹಳೇ ಚಾಳಿ.