ಟಾಟಾ ಇನ್‌ಸ್ಟಿಟ್ಯೂಟಿನ ಓಪನ್ ಡೇಗೆ ಮಕ್ಕಳನ್ನು ಕರೆದೊಯ್ಯುವ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆ, ಸಾಮಾನ್ಯವಾಗಿ ಫೆಬ್ರವರಿ ಕೊನೆಯಲ್ಲಿ ಅಥವಾ ಮಾರ್ಚ್ ಆರಂಭದಲ್ಲಿ ಒಂದು ದಿನ ತನ್ನ ಪ್ರಯೋಗಾಲಯಗಳನ್ನು ಜನಸಾಮಾನ್ಯರಿಗೆ ತೆರೆದಿಡುತ್ತದೆ. ಇದನ್ನು ಓಪನ್ ಡೇ ಎನ್ನುತ್ತಾರೆ, ಪ್ರವೇಶ ಉಚಿತ. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಸಲ ಅಲ್ಲಿಗೆ ಕರೆದೊಯ್ಯಬೇಕೆಂದು ಶಾಲೆ ಮತ್ತು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸೇರಿ ತೀರ್ಮಾನಿಸಿದ್ದು, ಅದಕ್ಕೆ ತಮ್ಮ ಒಪ್ಪಿಗೆ ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಹತ್ತನೆಯ ತರಗತಿಯವರಿಗೆ ಅದು ಪೂರ್ವಸಿದ್ಧತಾ ಪರೀಕ್ಷೆಗಳ ಕಾಲವಾದ್ದರಿಂದ ಅವರನ್ನು ಸೇರಿಸಿಲ್ಲ.

ವಾರ್ಷಿಕ ಪರೀಕ್ಷೆ ಹತ್ತಿರವಿರುವಾಗ ಇದರಿಂದ ಎಷ್ಟು ಅಂಕ ಬರುತ್ತದೆ ಎಂಬ ಪ್ರಶ್ನೆ ಪೋಷಕರ ಸಭೆಯಲ್ಲಿ ಬಂದೇ ಬರುತ್ತದೆ. ಅಂಕ ಬರುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ಅದೇ ದಿನ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ರಾಮನ್ ಪರಿಣಾಮವನ್ನು ಕಂಡುಕೊಂಡರು ಎಂಬುದನ್ನು ನಮ್ಮ ಮಕ್ಕಳು ತಪ್ಪಿಲ್ಲದೆ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಸಂಶೋಧನೆ ಎಂಬುದನ್ನು ಮನುಷ್ಯರು ದಿನನಿತ್ಯ ಕುಳಿತು ಮಾಡುವ ಕೆಲಸವಾಗಿ ಅವರಲ್ಲಿ ಹೆಚ್ಚಿನವರು ಕಂಡಿಲ್ಲ. ಅದನ್ನು ತೋರಿಸುವುದಕ್ಕೆ ನಮ್ಮ ಶಾಲೆಯ ಪ್ರಯೋಗಾಲಯದ ಎರಡು ಕಪಾಟುಗಳು ಸಾಲವು.

ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ಎದ್ದ, 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ನಮಗೆ ಹೊರಗಿನದೇನಲ್ಲ. ತಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಕಾಲಕ್ಕೆ ಅಸ್ತ್ರ ಒಲೆ ಇದ್ದಿರಬಹುದು. ಒಮ್ಮೆಗೇ ಮೂರು ಪಾತ್ರೆ ಇಟ್ಟು, ಕಡಿಮೆ ಸೌದೆಯಲ್ಲಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿ ಅಡುಗೆ ಮಾಡುವ ಆ ಒಲೆಯನ್ನು ರೂಪಿಸಿದ್ದು, ಹಳ್ಳಿಗಳ ಅಗತ್ಯಕ್ಕಾಗಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಇದೇ ಸಂಸ್ಥೆಯೊಳಗೆ ಆರಂಭವಾದ ಅಸ್ತ್ರ ಎಂಬ ತಂಡ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಅಡುಗೆ ಮಾಡುವ ತಾಯಂದಿರ ಕಷ್ಟವೂ ವಿಜ್ಞಾನದ ಪ್ರಶ್ನೆಯೇ ಎಂದು ಅವರು ತಿಳಿದರಲ್ಲ, ಮಕ್ಕಳಿಗೆ ಮುಟ್ಟಬೇಕಾದದ್ದು ಆ ತಿಳಿವಳಿಕೆ. ಆದ್ದರಿಂದ ಪ್ರತಿ ಮಗುವೂ ಮನೆಯಿಂದ ಅಥವಾ ಊರಿನಿಂದ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೊರಡಬೇಕೆಂದು ನಿಯಮ ಮಾಡಿದ್ದೇವೆ. ಪಾವಗಡದ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಏಕೆ ಹೆಚ್ಚು ಎಂದು ಒಬ್ಬ ಹುಡುಗ ಈಗಾಗಲೇ ಬರೆದಿದ್ದಾನೆ. ಪ್ರಶ್ನೆ ಹುಡುಕಲು ತಾವು ಜೊತೆಗೆ ಕುಳಿತರೆ ಸಂತೋಷ. ಆದರೆ ದಯವಿಟ್ಟು ತಾವೇ ಬರೆದುಕೊಡಬೇಡಿ. ಕನ್ನಡದಲ್ಲಿ ಕೇಳಲು ಮಕ್ಕಳು ಸಂಕೋಚಪಡಬೇಕಾಗಿಲ್ಲ, ಅಲ್ಲಿ ಕನ್ನಡ ಬಲ್ಲ ಸಂಶೋಧಕರೂ ವಿದ್ಯಾರ್ಥಿಗಳೂ ಇದ್ದಾರೆ.

ಆ ದಿನ ಸಾವಿರಾರು ಜನ ಸೇರುವುದರಿಂದಲೂ ವಿಭಾಗಗಳು ದೂರದೂರ ಇರುವುದರಿಂದಲೂ ಎಲ್ಲವನ್ನೂ ನೋಡಲಾಗದು. ಕೃತಕ ಮಿಂಚನ್ನು ತೋರಿಸುವ ಹೈವೋಲ್ಟೇಜ್ ಪ್ರಯೋಗಾಲಯದ ಮುಂದೆ ಉದ್ದನೆಯ ಸಾಲು ಇರುತ್ತದೆ, ಮಕ್ಕಳ ಒತ್ತಾಯವೂ ಅದರ ಮೇಲೆಯೇ. ನನ್ನ ಒಲವು ಗಾಳಿ ಸುರಂಗದ ಕಡೆಗೆ: ವಿಮಾನದ ಪುಟ್ಟ ಮಾದರಿಯನ್ನು ಕದಲದಂತೆ ನಿಲ್ಲಿಸಿ ಅದರ ಮೇಲೆ ಗಾಳಿಯನ್ನು ಹಾಯಿಸಿ ಅಳೆಯುವ ಆ ಏರ್ಪಾಟನ್ನು ಕಂಡ ಮಗುವಿಗೆ ಪ್ರಯೋಗವೆಂದರೇನು ಎಂದು ಬೇರೆ ಪಾಠ ಬೇಕಾಗದು. ಮುಂದೆ ಇಸ್ರೋ ಮುಖ್ಯಸ್ಥರಾದ ಸತೀಶ್ ಧವನ್ ಅವರು ಪಾಠ ಹೇಳಿದ್ದೂ ಆ ಸುರಂಗವಿರುವ ವೈಮಾನಿಕ ಎಂಜಿನಿಯರಿಂಗ್ ವಿಭಾಗದಲ್ಲಿಯೇ.

ಹೆಣ್ಣುಮಕ್ಕಳನ್ನು ಬೆಂಗಳೂರಿಗೆ ಕಳುಹಿಸಲು ಹಿಂಜರಿಯುವ ಪೋಷಕರಲ್ಲಿ ವಿಶೇಷ ವಿನಂತಿ. 1933ರಲ್ಲಿ ಕಮಲಾ ಸೊಹೋನಿ ಎಂಬ ಯುವತಿ ಇದೇ ಸಂಸ್ಥೆಗೆ ಅರ್ಜಿ ಹಾಕಿದಾಗ, ಆಗ ನಿರ್ದೇಶಕರಾಗಿದ್ದ ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದ್ದರು. ಆಕೆ ಪಟ್ಟು ಬಿಡದೆ, ಷರತ್ತುಗಳ ಮೇಲೆ ಸೇರಿ, ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿ, ಬಳಿಕ ಕೇಂಬ್ರಿಜ್‌ನಲ್ಲಿ 1939ರಲ್ಲಿ ಡಾಕ್ಟರೇಟ್ ಪಡೆದರು. ಅಂದು ಬಾಗಿಲು ಮುಚ್ಚಿದ್ದು ಸಂಸ್ಥೆ. ಇಂದು ಬಾಗಿಲು ತೆರೆದಿರುವಾಗ ಮನೆಯವರು ತಡೆಯುವುದು ನ್ಯಾಯವಲ್ಲ. ಇಬ್ಬರು ಶಿಕ್ಷಕಿಯರು ಇಡೀ ದಿನ ಹೆಣ್ಣುಮಕ್ಕಳ ಜೊತೆಯಲ್ಲಿಯೇ ಇರುತ್ತಾರೆ.

ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಹೊರಟು ಯಶವಂತಪುರದಲ್ಲಿ ಇಳಿದು, ಸಂಜೆ ಅದೇ ದಾರಿಯಲ್ಲಿ ಹಿಂತಿರುಗುತ್ತೇವೆ. ರೈಲಿನ ಖರ್ಚನ್ನು ಎಸ್‌ಡಿಎಂಸಿ ಭರಿಸುತ್ತದೆ. ಬುತ್ತಿ, ನೀರಿನ ಬಾಟಲಿ, ಟೋಪಿ ಮತ್ತು ನಡೆಯಲು ಅನುಕೂಲವಾದ ಚಪ್ಪಲಿ ಅಥವಾ ಶೂ ಇದ್ದರೆ ಸಾಕು, ಮೊಬೈಲ್ ಬೇಡ. ದಿನಾಂಕ ಮತ್ತು ರೈಲಿನ ಸಮಯವನ್ನು ಡೈರಿಯಲ್ಲಿ ಬರೆಸಿ ಕಳುಹಿಸುತ್ತೇವೆ. ಔಷಧ ತೆಗೆದುಕೊಳ್ಳುವ ಮಕ್ಕಳಿದ್ದರೆ ಆ ವಿವರವನ್ನು ಜೊತೆಗಿರುವ ಒಪ್ಪಿಗೆ ಪತ್ರದಲ್ಲಿಯೇ ಬರೆದು, ಸಹಿ ಮಾಡಿ, ಮುಂದಿನ ಶನಿವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಜೊತೆಗೆ ಬರಲು ಬಿಡುವಿರುವ ಪೋಷಕರು ಅದನ್ನೂ ಅಲ್ಲಿಯೇ ನಮೂದಿಸಬಹುದು.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು