ಹೆರುವವಳ ಜೊತೆಗೆ ಒಬ್ಬರನ್ನು ಬಿಡಿ

ಮಾನ್ಯ ಸಂಪಾದಕರೇ,

‘ಸಹಜ ಹೆರಿಗೆ’ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನೀರಿನ ತೊಟ್ಟಿಯಲ್ಲಿ ಹೆರುವ ವಿಡಿಯೊ, ಡಾಕ್ಟರೂ ಬೇಡ ಆಸ್ಪತ್ರೆಯೂ ಬೇಡ ಎನ್ನುವ ವಿಡಿಯೊ, ಇವನ್ನೆಲ್ಲ ನಮ್ಮ ಬೀದಿಯ ಬಸುರಿ ಹುಡುಗಿಯರು ಮೊಬೈಲಿನಲ್ಲಿ ತೋರಿಸಿ ‘ಆಂಟಿ, ಇದು ನಿಜವಾ?’ ಎಂದು ಕೇಳುತ್ತಾರೆ. ನಾನು ಶಿರಾ ತಾಲ್ಲೂಕಿನ ಹಳ್ಳಿಗಳಲ್ಲಿ 1983ರಿಂದ 2021ರವರೆಗೆ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ ಆಗಿದ್ದವಳು. ಅವರಿಗೆ ಹೇಳುವುದನ್ನೇ ನಿಮ್ಮ ಓದುಗರಿಗೂ ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ಕಳೆದ ಕಾರ್ತೀಕದಲ್ಲಿ ನನ್ನ ಮಗಳ ಚೊಚ್ಚಲ ಹೆರಿಗೆಯಾಯಿತು. ನಗರದ ಒಂದು ಖಾಸಗಿ ಆಸ್ಪತ್ರೆ. ಬೆಳಗಿನ ಜಾವ ನಾಲ್ಕಕ್ಕೆ ನೋವು ಕಾಣಿಸಿಕೊಂಡಿತು, ಆರಕ್ಕೆಲ್ಲ ಸೇರಿಸಿದೆವು. ಲೇಬರ್ ರೂಮಿನ ಬಾಗಿಲಲ್ಲೇ ನನ್ನನ್ನು ತಡೆದರು. ‘ನಾನೂ ಇದೇ ಕೆಲಸ ಮಾಡಿದವಳು ಕಣಮ್ಮ, ಒಂದು ಮೂಲೆಯಲ್ಲಿ ನಿಂತಿರ್ತೀನಿ’ ಎಂದೆ. ‘ಯಾರನ್ನೂ ಬಿಡಲ್ಲ ಮೇಡಂ, ಇಲ್ಲಿನ ರೂಲ್ಸು’ ಎಂದು ಬಾಗಿಲು ಹಾಕಿದರು. ಒಂಬತ್ತು ಗಂಟೆ ಹೊತ್ತು ಹೊರಗಿನ ಬೆಂಚಿನ ಮೇಲೆ ಕೂತು ಅವಳು ‘ಅಮ್ಮಾ’ ಎನ್ನುವುದನ್ನು ಕೇಳಿಸಿಕೊಂಡೆ. ಕೊನೆಗೆ ಸಿಸೇರಿಯನ್ ಆಯಿತು. ಅದು ಬೇಕಿತ್ತೋ ಇಲ್ಲವೋ ಬಾಗಿಲ ಹೊರಗಿದ್ದ ನಾನು ಹೇಳಲಾರೆ. ಮಗು ಚೆನ್ನಾಗಿದೆ, ಮಗಳೂ ಚೆನ್ನಾಗಿದ್ದಾಳೆ. ಆದರೆ ಮನೆಗೆ ಬಂದ ಮೇಲೆ ಅವಳು ಹೇಳಿದ್ದು ನನ್ನನ್ನು ಬಿಟ್ಟಿಲ್ಲ: ‘ನೋವು ಹೆಂಗೋ ತಡ್ಕೊಂಡೆ ಅಮ್ಮ. ಅಂಗಾತ ಮಲಗಿಸಿ ಡ್ರಿಪ್ ಹಾಕಿ ಹೋದ್ರು. ಎದ್ದು ಕೂರೋಂಗಿಲ್ಲ. ಗೋಡೆ ಗಡಿಯಾರ ಬಿಟ್ರೆ ನೋಡೋಕೆ ಇನ್ನೇನೂ ಇರಲಿಲ್ಲ.’

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಉಪಕೇಂದ್ರದ ಊರಿನಲ್ಲಿ ಒಬ್ಬ ಸೂಲಗಿತ್ತಿ ಅಜ್ಜಿ ಇದ್ದಳು. ಬಸುರಿಯನ್ನು ಮಲಗಲು ಬಿಡುತ್ತಲೇ ಇರಲಿಲ್ಲ. ನಡುಮನೆಯ ಜಂತೆಗೆ ಹಗ್ಗ ಇಳಿಬಿಟ್ಟು, ನೋವು ಬಂದಾಗ ಅದನ್ನು ಹಿಡಿದು ಕುಕ್ಕರುಗಾಲಲ್ಲಿ ಕೂರಿಸುವಳು. ನೋವು ಇಳಿದಾಗ ಅಂಗಳದಲ್ಲಿ ನಡೆಸುವಳು. ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ಬುಡಗೈಯಿಂದ ಒತ್ತಿ ಹಿಡಿಯುವಳು. ಅಷ್ಟು ಹೊತ್ತೂ ಮಾತು. ‘ಹಗ್ಗ ಬಿಗಿಯಾಗಿ ಹಿಡ್ಕೊ ನನ್ ತಾಯಿ, ಇನ್ನೊಂದು ನೋವು ಬರ್ಲಿ, ಮಗ ದಾರಿಲವ್ನೆ.’ ಮಾಸು ಬೀಳುವ ತನಕ ಹೊಕ್ಕುಳಬಳ್ಳಿಗೆ ಬ್ಲೇಡು ತಾಕಿಸುತ್ತಿರಲಿಲ್ಲ. ಮಗು ಬಂದ ತಕ್ಷಣ ಬಳ್ಳಿ ಕತ್ತರಿಸಬೇಕೆಂದು ಟ್ರೇನಿಂಗಿನಲ್ಲಿ ಕಲಿತು ಬಂದಿದ್ದ ನಾನು ಅವಳನ್ನು ಗದರುತ್ತಿದ್ದೆ. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ನಿಮಿಷಕ್ಕೆ ಮೊದಲು ಕತ್ತರಿಸಬೇಡಿ ಎನ್ನುತ್ತದೆ. ಬಳ್ಳಿಯಲ್ಲಿ ಮಿಡಿಯುತ್ತಿರುವ ರಕ್ತವೂ ಮಗುವಿಗೆ ಸೇರಿದರೆ ಮುಂದೆ ಕಬ್ಬಿಣಾಂಶದ ಕೊರತೆ ಕಡಿಮೆಯಾಗುತ್ತದಂತೆ. ನೋವಿನಲ್ಲಿರುವವಳು ಓಡಾಡಲಿ, ತನಗೆ ಹಿತವಾದಂತೆ ಕೂರಲಿ ನಿಲ್ಲಲಿ, ಪಕ್ಕದಲ್ಲಿ ಅವಳಿಗೆ ಬೇಕಾದವರು ಇರಲಿ ಎಂದೂ ಆ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ.

ಅಜ್ಜಿಯನ್ನು ಇಷ್ಟು ಹೊಗಳಿದೆನೆಂದು ಮನೆಯಲ್ಲೇ ಹೆರಿ ಎನ್ನುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. 1989ರ ಮಳೆಗಾಲದ ಒಂದು ರಾತ್ರಿ ನನ್ನನ್ನು ಕರೆಯಲು ಬಂದಾಗ ಮಗು ಹುಟ್ಟಿ ಆಗಲೇ ಅರ್ಧ ಗಂಟೆಯಾಗಿತ್ತು. ಎರಡನೇ ಹೆರಿಗೆ, ಹೆರಿಗೆಯೇನೋ ಸಲೀಸಾಗಿತ್ತು. ಮಾಸು ಪೂರ್ತಿ ಬಿದ್ದಿರಲಿಲ್ಲ, ರಕ್ತ ನಿಲ್ಲುತ್ತಿರಲಿಲ್ಲ. ಮಡಿಸಿ ಹಾಸಿದ್ದ ಗೋಣಿಚೀಲ ತೊಯ್ದು ಸಗಣಿ ನೆಲಕ್ಕೆ ಇಳಿದಿತ್ತು. ನನ್ನ ಚೀಲದಲ್ಲಿದ್ದ ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ನೀವಿದೆ, ಗಾಡಿ ಕಟ್ಟಿಸಿದೆ. ಟಾರು ರಸ್ತೆ ಮುಟ್ಟುವ ಮೊದಲೇ ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಯಿತು. ಆಗ 108 ಆಂಬುಲೆನ್ಸ್ ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಹೆರಿಗೆಯಾದ ಒಂದು ನಿಮಿಷದೊಳಗೆ ಕೊಡುವ, ಗರ್ಭಕೋಶ ಬಿಗಿಯಾಗಿಸಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್, ಒಂದು ಬಾಟಲಿ ರಕ್ತ, ಹತ್ತಿರದಲ್ಲಿ ಒಬ್ಬ ಡಾಕ್ಟರ್, ಇಷ್ಟಿದ್ದರೆ ಅವಳು ಉಳಿಯುವ ಸಾಧ್ಯತೆ ಬಹಳವಿತ್ತು. ಯಾರಿಗೆ ಹೀಗಾಗುತ್ತದೆ ಎಂದು ಮುಂಚಿತವಾಗಿ ಮುಖ ನೋಡಿ ಹೇಳಲು ಬರುವುದಿಲ್ಲ. ಆದ್ದರಿಂದ ಮನೆ ಹೆರಿಗೆಯ ವಿಡಿಯೊ ತೋರಿಸುವ ಹುಡುಗಿಯರಿಗೆ ನನ್ನ ಉತ್ತರ ಒಂದೇ: ಆಸ್ಪತ್ರೆಗೇ ಹೋಗಿ.

ಆದರೆ ಹೆಂಗಸರನ್ನು ಆಸ್ಪತ್ರೆಗೆ ತಂದ ನಾವು ಅಜ್ಜಿಯ ಅಂಗೈಯನ್ನು ಬಾಗಿಲ ಹೊರಗೇ ಬಿಟ್ಟೆವು. ನಾವು ಎನ್ನುವಾಗ ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯಲ್ಲಿ ಡ್ಯೂಟಿ ಮಾಡುವಾಗ ಎಷ್ಟೋ ತಾಯಂದಿರನ್ನು ‘ಹೊರಗೆ ನಡೀರಿ, ಗಲಾಟೆ ಮಾಡಬೇಡಿ’ ಎಂದು ಕಳಿಸಿದ್ದೇನೆ. ನೋವಿಗೆ ಕಿರುಚಿದವರನ್ನು ಬೈದದ್ದೂ ಉಂಟು. ಒಬ್ಬಳೇ ಸಿಸ್ಟರ್, ಮೂರು ಟೇಬಲ್, ರಾತ್ರಿ ಕರೆಂಟಿಲ್ಲ, ಕಾರಣಗಳು ಇದ್ದವು. ಆದರೂ ಅದು ತಪ್ಪು. ನನ್ನ ಮಗಳ ‘ಅಮ್ಮಾ’ ಕೇಳಿಸಿಕೊಂಡ ದಿನ ಆ ಬೆಂಚಿನ ಮೇಲೆ ಅವರೆಲ್ಲರ ಮುಖ ಕಣ್ಣಮುಂದೆ ಬಂತು.

ಓದುಗರಿಗೆ ತಿಳಿದಿರಲಿ, ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬರು ಇರಲು ಸರ್ಕಾರಿ ಆಸ್ಪತ್ರೆಗಳಲ್ಲಿ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಅನುಮತಿ ಕೊಟ್ಟಿದೆ. ಜೊತೆಗಿರುವವರು ಹೆಂಗಸಾಗಿರಬೇಕು, ತಾನೂ ಹೆತ್ತವಳಾದರೆ ಒಳ್ಳೆಯದು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ಉಟ್ಟಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈಹಾಕಬಾರದು. ಮರೆಗೆ ವ್ಯವಸ್ಥೆ ಇರುವ ಕಡೆ ಗಂಡನಿಗೂ ಅವಕಾಶವಿದೆ. 2017ರ ಡಿಸೆಂಬರ್‌ನಲ್ಲಿ ಸರ್ಕಾರಿ ಹೆರಿಗೆ ಕೋಣೆಗಳ ಸುಧಾರಣೆಗೆಂದು ಶುರುವಾದ ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮವೂ ಇದನ್ನೇ ಒತ್ತಿ ಹೇಳುತ್ತದೆ. ಆದರೆ ತಾಯಿ ಕಾರ್ಡ್ ಹಿಡಿದು ತಿಂಗಳು ತಿಂಗಳು ತಪಾಸಣೆಗೆ ಹೋಗುವ ಬಸುರಿಯರಲ್ಲಿ ಹತ್ತು ಜನರನ್ನು ಕೇಳಿ ನೋಡಿ, ಈ ವಿಷಯ ಗೊತ್ತಿರುವವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ನಾನು ಕೇಳಿದ್ದೇನೆ.

ಇದು ಬರೀ ಸಮಾಧಾನದ ಮಾತಲ್ಲ. ಹಲವು ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ಒಟ್ಟುಗೂಡಿಸಿ ನೋಡಿದ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವಿಮರ್ಶೆ 2017ರಲ್ಲಿ ಪ್ರಕಟವಾಗಿದೆ. ಪಕ್ಕದಲ್ಲಿ ಬಿಡದೆ ಒಬ್ಬರು ಇದ್ದವರಿಗೆ ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಕಡಿಮೆ ಎಂದು ಅದು ತೋರಿಸಿದೆ. ನಮ್ಮ ರಾಜ್ಯದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್, ದೇಶದ ಸರಾಸರಿ 21.5. ಸಿಸೇರಿಯನ್ ಜೀವ ಉಳಿಸುವ ಚಿಕಿತ್ಸೆ, ನಾನೇ ಎಷ್ಟೋ ಬಸುರಿಯರನ್ನು ಅದಕ್ಕೆಂದೇ ತುಮಕೂರಿಗೆ ಕಳಿಸಿದ್ದೇನೆ. ಆದರೂ ಮೂವರಲ್ಲಿ ಹತ್ತಿರ ಹತ್ತಿರ ಒಬ್ಬಳಿಗೆ ಹೊಟ್ಟೆ ಕೊಯ್ಯಲೇಬೇಕಿತ್ತು ಎಂದರೆ ನನ್ನ ಅನುಭವ ಒಪ್ಪುವುದಿಲ್ಲ. ನಮ್ಮ ಜಿಲ್ಲೆಯವರೇ ಆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು 2018ರಲ್ಲಿ ಪದ್ಮಶ್ರೀ ಕೊಟ್ಟು ಗೌರವಿಸಿದೆವು. ಆ ಅಮ್ಮ ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥವರ ಕೈಗುಣದಲ್ಲಿ ಇದ್ದದ್ದೇನು ಎಂದು ಕೇಳಿ ತಿಳಿದು ಹೆರಿಗೆ ಕೋಣೆಗೆ ತರುವ ಕೆಲಸ ಮಾತ್ರ ನಡೆದಿಲ್ಲ.

ಬಾಣಂತನದ ಬಗ್ಗೆಯೂ ಎರಡು ಮಾತು, ಏಕೆಂದರೆ ಅಲ್ಲಿ ತಪ್ಪು ಮನೆಯವರ ಕಡೆಯದು. ಮೂರು ತಿಂಗಳು ತವರಿನಲ್ಲಿ ವಿಶ್ರಾಂತಿ, ಎಣ್ಣೆ ನೀರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಮೆಣಸಿನ ಸಾರು, ಅಂಟಿನುಂಡೆ, ಮಗುವನ್ನು ಕಾಲಮೇಲೆ ಹಾಕಿಕೊಂಡು ಎರೆಯುವ ಅಜ್ಜಿ, ಇವೆಲ್ಲ ಇರಲಿ. ಇದಕ್ಕಿಂತ ಒಳ್ಳೆಯ ಆರೈಕೆ ನಾನು ಕಂಡಿಲ್ಲ. ಆದರೆ ‘ಹಸಿ ಮೈ, ನೀರು ಕುಡಿದರೆ ಹೊಟ್ಟೆ ಬರುತ್ತೆ’ ಎಂದು ಬಾಣಂತಿಗೆ ದಿನಕ್ಕೆ ಒಂದೆರಡು ಲೋಟ ಮಾತ್ರ ನೀರು ಕೊಡುವವರು ಇನ್ನೂ ಇದ್ದಾರೆ. ಹಾಲೂಡಿಸುವ ಮೈ ಒಣಗಿದರೆ ಮಲಬದ್ಧತೆ, ಉರಿಮೂತ್ರ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಬಾಗಿಲು ಕಿಟಕಿ ಮುಚ್ಚಿ ಕೆಂಡದ ಬಾಣಲೆ ಇಡುವುದು ತಾಯಿ ಮಗು ಇಬ್ಬರ ಉಸಿರಿಗೂ ಕುತ್ತು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ ಜೇನು ನೆಕ್ಕಿಸುವುದಂತೂ ಮಾಡಲೇಬೇಡಿ. ಆ ಹಾಲು ಮಗುವಿಗೆ ಮೊದಲ ಲಸಿಕೆಯಿದ್ದಂತೆ, ಹುಟ್ಟಿದ ಒಂದು ಗಂಟೆಯೊಳಗೆ ಸಿಗಬೇಕು. ಜೇನು ವರ್ಷ ತುಂಬುವವರೆಗೆ ಬೇಡ. ಸಿಸೇರಿಯನ್ ಆದ ತಾಯಿಯೂ ಹಾಲೂಡಿಸಬಹುದು. ನನ್ನ ಮಗಳಿಗೆ ಮೂರನೇ ದಿನದವರೆಗೆ ಹಾಲು ಸರಿಯಾಗಿ ಇಳಿಯಲಿಲ್ಲ. ಮಗುವಿನ ಅಂಗಿ ಬಿಚ್ಚಿ ಅವಳ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ ಮೇಲೊಂದು ಹಳೇ ಸೀರೆ ಹೊದಿಸಿದೆ. ಮಗು ಮೂಗಿನಲ್ಲೇ ತಡಕಾಡಿಕೊಂಡು ಹೋಗಿ ತಾನೇ ಬಾಯಿ ಹಾಕಿತು. ಪುಡಿಹಾಲಿನ ಡಬ್ಬಿ ತೆಗೆಯದೆ ಹಾಗೇ ಉಳಿಯಿತು.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ಹೆರಿಗೆ ಕೋಣೆಯ ಹೊರಗೆ ‘ಜೊತೆಗೆ ಒಬ್ಬರು ಬರಬಹುದು’ ಎಂದು ದಪ್ಪಕ್ಷರದಲ್ಲಿ ಬರೆಸಿ. ತಾಯಿ ಕಾರ್ಡ್‌ನಲ್ಲಿ ಜೊತೆಗೆ ಬರುವವರ ಹೆಸರಿಗೆ ಒಂದು ಸಾಲು ಬಿಡಿ, ಏಳನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆ ಅದನ್ನು ಬರೆದುಕೊಳ್ಳಲಿ. ಟೇಬಲ್‌ಗಳ ನಡುವೆ ಪರದೆ ಹಾಕಿಸಿ, ಪಕ್ಕದಲ್ಲೊಂದು ಸ್ಟೂಲ್ ಇಡಿಸಿ. ಖಾಸಗಿ ಆಸ್ಪತ್ರೆಗಳೂ ಇದನ್ನು ಪಾಲಿಸುವಂತೆ ಹೇಳಿ.

ನನ್ನ ತಂಗಿಯ ಸೊಸೆಗೆ ಈಗ ಎಂಟು ತುಂಬಿದೆ. ಹೋದ ವಾರ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋದಾಗ, ನೋವಿನ ಹೊತ್ತಿನಲ್ಲಿ ನಾನು ಒಳಗಿರಬಹುದೇ ಎಂದು ಅಲ್ಲಿನ ಸಿಸ್ಟರನ್ನು ಕೇಳಿದೆ. ನನ್ನ ಮಗಳಿಗಿಂತ ಚಿಕ್ಕ ಹುಡುಗಿ. ‘ಬನ್ನಿ ಅಮ್ಮ. ಒಗೆದ ಸೀರೆ ಉಟ್ಕೊಂಡು ಬನ್ನಿ, ಚಪ್ಪಲಿ ಹೊರಗೆ ಬಿಡಿ, ಅಷ್ಟೇ’ ಎಂದಳು. ಹತ್ತಿ ಸೀರೆಯೊಂದನ್ನು ಒಗೆದು ಬಿಸಿಲಿಗೆ ಒಣಗಿಸಿ ಮಡಿಸಿಟ್ಟಿದ್ದೇನೆ.

— ನಿವೃತ್ತ ಆರೋಗ್ಯ ಸಹಾಯಕಿ, ಶಿರಾ, ತುಮಕೂರು ಜಿಲ್ಲೆ